ಹಿತ್ತಾಳೆ ಪ್ಲೇಟು

ಮಗಳು ಲಾರಿಯ ಕೆಳಗೆ ಸೊಂಟದವರೆಗೆ ನುಸುಳಿದ್ದಳು. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಮನೆಯೊಳಗೆ, ನಡುಕೋಣೆಯ ಹಲಗೆಯ ಮೇಲೆ, ಅವಳ ಅಪ್ಪನ ಹೆಣವಿತ್ತು.

ಚಿಕ್ಕಪ್ಪ ಮೊಣಕಾಲೂರಿ ಬಗ್ಗಿದ. "ಬಾರೇ ಈಚೆ. ನಿಮ್ಮಪ್ಪನ್ನ ಎತ್ತೋ ಹೊತ್ತಾಯ್ತು. ಇಲ್ಲಿ ಮಲಗಿ ಏನು ಹುಡುಕ್ತಾ ಇದ್ದೀಯ?"

"ಅಪ್ಪ ಹುಡುಕ್ತಾ ಇದ್ದದ್ದನ್ನೇ."

"ಅದು ಇವತ್ತೇ ಆಗಬೇಕಾ?"

"ಇವತ್ತು ಅದೇ ತಾನಾಗಿ ಬಾಗಿಲಿಗೆ ಬಂದು ನಿಂತಿದೆ. ನಾಳೆ ಬರುತ್ತಾ?"

ಅವಳ ಹಣೆಯ ಮೇಲೆ ಒಂದು ಹನಿ ಬಿತ್ತು. ಬಿಸಿ ಇತ್ತು. ಬೆರಳಲ್ಲಿ ಮುಟ್ಟಿ ಮೂಸಿದಳು. ಇಂಜಿನ್ ಆಯಿಲ್. ಹೊಸದಾಗಿ ಹಾಕಿದ್ದು, ಇನ್ನೂ ಪೂರ್ತಿ ಕಪ್ಪಾಗಿರಲಿಲ್ಲ. ತಲೆಯ ಮೇಲೆ, ಕ್ಲಚ್ಚಿನ ಬುಡದಲ್ಲಿ, ಯಾರೋ ತಂತಿಯಿಂದ ಒಂದು ತಗಡಿನ ಡಬ್ಬಿ ಕಟ್ಟಿದ್ದರು. ಸೋರಿದ್ದು ಅದರಲ್ಲಿ ತುಂಬಲಿ ಅಂತ. ಡಬ್ಬಿ ತುಂಬಿ ಹೊರಗೆ ಚೆಲ್ಲುತ್ತಿತ್ತು. ಅಪ್ಪನ ನಂತರ ಬಂದ ಮೆಕ್ಯಾನಿಕ್‌ಗಳು ಇಷ್ಟು ವರ್ಷದಲ್ಲಿ ಕಂಡುಹಿಡಿದ ಮದ್ದು ಇದು.

ಮೂತಿ ಮುಂದೆ ಚಾಚಿದ ಹಳೇ ಕಾಲದ ಲಾರಿ. ಅಪ್ಪ ಮೇಸ್ತ್ರಿಯಾಗಿದ್ದ ಧಣಿಯ ಯಾರ್ಡಿನಲ್ಲಿ ಅದಕ್ಕೆ 'ಮುದುಕಿ' ಎಂದೇ ಹೆಸರು. ಹಿಂದೆ ಬೆಂಕಿ ಬಿದ್ದಾಗ ಸುಟ್ಟ ಕ್ಯಾಬಿನ್ನು ಬದಲಾಯಿಸಿ, ಬಣ್ಣ ಬಳಿದು, ಮತ್ತೆ ರಸ್ತೆಗೆ ಬಿಟ್ಟಿದ್ದರು. ಈಗ ಬೀದಿಯ ಬಾಯಿಗೆ ಅಡ್ಡಲಾಗಿ ಗುಡುಗುಡು ಎನ್ನುತ್ತ ನಿಂತಿತ್ತು. ಒಮ್ಮೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದು ಕಷ್ಟ ಎಂದು ಹೊಸ ಡ್ರೈವರ್ ಇಂಜಿನ್ ಆರಿಸಿರಲಿಲ್ಲ. ಹಿಂದಿನ ತೊಟ್ಟಿಯನ್ನು ಗುಡಿಸಿ, ಬಿಳಿ ಬಟ್ಟೆ ಹಾಸಿದ್ದರು. ಧಣಿ ಡ್ರೈವರ್ ಪಕ್ಕದಲ್ಲಿ ಕೂತು, ಮಡಿಲಲ್ಲಿ ಹೂವಿನ ದೊಡ್ಡ ಚಕ್ರ ಇಟ್ಟುಕೊಂಡು ಬಂದಿದ್ದ. ಬಿಳಿ ಶರ್ಟು, ಬಿಳಿ ಪ್ಯಾಂಟು, ಬಿಳಿ ಬೂಟು.

"ಎಷ್ಟಾದರೂ ದೊಡ್ಡ ಮನಸ್ಸು," ಎಂದರು ಎದುರುಮನೆಯ ಹಿರಿಯರು. "ಕೆಲಸದಿಂದ ತೆಗೆದುಹಾಕಿದವನಿಗೆ ಲಾರಿ ಕಳಿಸೋದು ಅಂದ್ರೆ ಸಾಮಾನ್ಯಾನಾ?"

"ಬೇರೆ ಲಾರಿ ಇರಲಿಲ್ವಾ ಅವರಿಗೆ?" ಎಂದಳು ಪಕ್ಕದವಳು.

"ಬಿಡುವಾಗಿದ್ದದ್ದು ಇದೊಂದೇ ಇರಬೇಕು. ಇದಕ್ಕೆ ಯಾರು ಬಾಡಿಗೆ ಕೊಡ್ತಾರೆ, ಹೆಣ ಬಿಟ್ರೆ."

ಸಿಮೆಂಟು ಲಾರಿಗಳು ಓಡಾಡುವ ಬೀದಿ ಅದು. ಗೋಡೆ, ಗಿಡ, ಒಣಗಲು ಹಾಕಿದ ಬಟ್ಟೆ, ಎಲ್ಲದರ ಮೇಲೂ ಬಿಳಿ ಧೂಳು. ಎದುರುಮನೆಯ ಮೆಟ್ಟಿಲಿನ ಮೇಲೆ ಒಬ್ಬಳು ಬೆಳಗಿನಿಂದ ಕೂತಿದ್ದಳು. ಕೊಟ್ಟ ನೀರನ್ನು ಕುಡಿದಿರಲಿಲ್ಲ. ಮಡಿಲಲ್ಲಿ ಬಟ್ಟೆಯ ಗಂಟು. ಮುದುಕಿಯನ್ನು ಓಡಿಸುತ್ತಲೇ ಸುಟ್ಟು ಸತ್ತ ಹಳೇ ಡ್ರೈವರಿನ ಹೆಂಡತಿ. ಗಂಟಿನೊಳಗೆ ಏನಿದೆಯೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗಂಡನ ಒಂಟಿ ಚಪ್ಪಲಿ, ಅರ್ಧ ಕರಗಿದ್ದು. ಮೇಸ್ತ್ರಿ ಸತ್ತ ದಿನ ಅದನ್ನು ಅವನ ಎದೆಯ ಮೇಲೆ ಇಟ್ಟು ಕಳಿಸುತ್ತೇನೆ ಎಂದು ಅವಳು ಬೆಂಕಿ ಬಿದ್ದ ವರ್ಷವೇ ಹೇಳಿದ್ದಳು. ಹೇಳಿದ್ದನ್ನು ಮಾಡಲು ಬಂದಿದ್ದಳು.

ಮಗಳು ಲಾರಿಯ ಕೆಳಗಿನಿಂದ ಹೊರಬಂದು ನೇರ ಅವಳ ಮುಂದೆ ಹೋಗಿ ನಿಂತಳು.

"ಅಕ್ಕ, ಸ್ವಲ್ಪ ಹೊತ್ತು ಕಾಯ್ತೀಯಾ?"

"ಇಷ್ಟು ವರ್ಷ ಕಾದಿಲ್ವಾ?" ಎಂದಳು ಅವಳು. "ನಿಮ್ಮಪ್ಪ ಲಾರಿಯ ಮೂತಿ ತಟ್ಟಿ, ಸರಿ ಇದೆ ಹೋಗು ಅಂದಿದ್ದನ್ನ ನನ್ನ ಕಿವಿಯಾರೆ ಕೇಳಿದ್ದೀನಿ ಕಣೇ. ಊಟದ ಡಬ್ಬಿ ಕೊಡೋಕೆ ಹೋಗಿದ್ದೆ."

"ಅಂದಿದ್ದ," ಎಂದಳು ಮಗಳು. "ಇಲ್ಲ ಅನ್ನಲ್ಲ. ನಾನು ತೋರಿಸೋದನ್ನ ನೋಡು. ಆಮೇಲೂ ಚಪ್ಪಲಿ ಅಲ್ಲೇ ಇಡಬೇಕು ಅನ್ನಿಸಿದ್ರೆ ನಾನೇ ಅಂಗಿ ಗುಂಡಿ ಬಿಚ್ಚಿ ಕೊಡ್ತೀನಿ."

*

ಬದುಕಿದ್ದಾಗ ಮೇಸ್ತ್ರಿ ಒಳ್ಳೆಯವನು ಅಂತ ಯಾರೂ ಹೇಳುತ್ತಿರಲಿಲ್ಲ. ಬಾಯಿ ಕೆಟ್ಟದ್ದು. ಬೇರೆ ಗ್ಯಾರೇಜಿನವರು ಬಿಚ್ಚಿದ ಇಂಜಿನ್ ತನ್ನ ಬಳಿ ಬಂದರೆ ಒಂದೊಂದು ಬೋಲ್ಟನ್ನೂ ಎತ್ತಿ ಹಿಡಿದು, "ಇದನ್ನ ಬಿಗಿ ಮಾಡಿದವನು ಮದುವೆ ಮನೇಲಿ ಬಳೆ ತೊಡಿಸೋದಕ್ಕೆ ಲಾಯಕ್ಕು" ಎಂದು ಇಡೀ ಯಾರ್ಡಿಗೆ ಕೇಳುವಂತೆ ಹೇಳುತ್ತಿದ್ದ. ತಮ್ಮನ ಪಂಚರ್ ಅಂಗಡಿಯನ್ನು 'ಗಾಳಿ ವ್ಯಾಪಾರ' ಎನ್ನುತ್ತಿದ್ದ. ಲೇತ್ ಶೆಡ್ಡಿಗೆ ಕೆಲಸಕ್ಕೆ ಸೇರಿದ ಮಗಳು ಮೊದಲ ಸಲ ತಿರುವಿದ ಕಬ್ಬಿಣದ ಬುಶ್ ತಂದು ತೋರಿಸಿದಾಗ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ಲ, ಬಾಗಿಲು ಗಾಳಿಗೆ ಬಡಕೊಳ್ಳದ ಹಾಗೆ ಒತ್ತಿಡೋಕೆ ಆಗುತ್ತೆ" ಎಂದಿದ್ದ. ಮಾರನೆಯ ದಿನ ಯಾರ್ಡಿನಲ್ಲಿ ಅದೇ ಬುಶ್ಶನ್ನು ಜೇಬಿನಿಂದ ತೆಗೆದು ಎಲ್ಲರಿಗೂ ತೋರಿಸಿದನಂತೆ. ಅದು ಅವಳಿಗೆ ಚಿಕ್ಕಪ್ಪನಿಂದ ತಿಳಿದದ್ದು.

ಆಯಿಲ್ ಸೋರುವುದೆಂದರೆ ಅವನಿಗೆ ಸ್ವಂತ ಅವಮಾನ. ಮುದುಕಿ ಯಾರ್ಡಿಗೆ ಬಂದ ದಿನದಿಂದ ಸೋರುತ್ತಿತ್ತು. ಧಣಿ ಅದನ್ನು ಯಾವುದೋ ಹರಾಜಿನಲ್ಲಿ ಹಿಡಿದು ತಂದಿದ್ದ. ಮೇಸ್ತ್ರಿ ಇಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಬದಲಾಯಿಸಿದ. ಕೆಳಗಿನ ಆಯಿಲ್ ಚೇಂಬರ್ ಇಳಿಸಿ ಅದರ ಪ್ಯಾಕಿಂಗ್ ಬದಲಾಯಿಸಿದ. ಕೊನೆಗೆ ಗೇರ್‌ಬಾಕ್ಸನ್ನೇ ಇಳಿಸಿ ಹಿಂದಿನ ಆಯಿಲ್ ಸೀಲನ್ನೂ ಹಾಕಿದ. ಪ್ರತಿ ಸಲವೂ ಯಾರ್ಡಿನಲ್ಲಿ ನಿಲ್ಲಿಸಿ ನೋಡಿದರೆ ಒಣಗಿದ ಹಾಗೇ ಇರುತ್ತಿತ್ತು. ಭಾರ ಹೊತ್ತು ಏರು ಹತ್ತಿ ಬಂದರೆ ಮತ್ತೆ ಹಿಂಭಾಗವೆಲ್ಲ ತೊಪ್ಪೆ.

"ಇವಳು ನನ್ನ ಮುಂದೆ ಪತಿವ್ರತೆ, ಊರಾಚೆ ಹೋದ್ರೆ ಶುರು," ಎಂದು ಮನೆಗೆ ಬಂದು ಬೈಯುತ್ತಿದ್ದ.

"ನಿಮ್ಮ ಬಾಯಿಗೆ ಹೆದರಿ ಇರಬೇಕು," ಎನ್ನುತ್ತಿದ್ದಳು ಹೆಂಡತಿ.

"ತೊಟ್ಟಿಕ್ಕೋ ಜಾಗ ನೋಡಬಾರದು ಕಣೇ," ಎಂದು ಮಗಳಿಗೆ ಹೇಳುತ್ತಿದ್ದ, ಊಟದ ತಟ್ಟೆಯ ಮೇಲೆ ಬೆರಳಿನಿಂದ ಇಂಜಿನ್ ಬರೆಯುತ್ತ. "ಆಯಿಲ್ಲು ಕಳ್ಳನ ಹಾಗೆ. ಕನ್ನ ಹಾಕೋದು ಒಂದು ಮನೇಲಿ, ಸಿಕ್ಕಿಬೀಳೋದು ಇನ್ನೊಂದು ಮನೇಲಿ. ಎಲ್ಲಾ ಒರೆಸಿ, ಮೇಲೆ ಪೌಡರ್ ಉದುರಿಸಿ, ಇಂಜಿನ್ ಕಾಯಿಸಿ, ಸುಮ್ಮನೆ ಕೂತು ನೋಡಬೇಕು. ಬಿಳೀ ಮೇಲೆ ಕಪ್ಪು ಗೆರೆ ಎಲ್ಲಿ ಹುಟ್ಟುತ್ತೋ ಅದೇ ಬಾಯಿ."

ಆದರೆ ಮುದುಕಿಯಲ್ಲಿ ಪೌಡರೂ ಸೋತಿತ್ತು. ರೇಡಿಯೇಟರಿನ ಫ್ಯಾನು ಪೌಡರನ್ನೂ ಆಯಿಲನ್ನೂ ಒಟ್ಟಿಗೇ ಹಿಂದಕ್ಕೆ ಊದಿಬಿಡುತ್ತಿತ್ತು.

*

"ಅಮ್ಮ, ಪೌಡರ್ ಡಬ್ಬಿ ಎಲ್ಲಿ?"

ಅಮ್ಮ ಹಲಗೆಯ ಪಕ್ಕ ಕೂತಿದ್ದಳು. ಅಪ್ಪನ ಮುಖಕ್ಕೆ ಹಚ್ಚಲು ತರಿಸಿದ ಡಬ್ಬಿ ಅವಳ ಕೈಯಲ್ಲೇ ಇತ್ತು. ಕೆನ್ನೆಗೆ ಸ್ವಲ್ಪ ಹಚ್ಚಿದ್ದಳು. ಎಷ್ಟು ತೊಳೆದರೂ ಹೋಗದ ಗ್ರೀಸು ಉಗುರಿನ ಸಂದಿಯಲ್ಲಿ ಹಾಗೇ ಇತ್ತು.

"ಯಾಕೆ?"

"ಮುದುಕಿಗೆ ಹಚ್ಚಬೇಕು."

ಅಮ್ಮ ಮಗಳ ಹಣೆಯ ಮೇಲಿನ ಕಪ್ಪು ಕಲೆಯನ್ನು ನೋಡಿದಳು. ಹೊರಗೆ ಗುಡುಗುಡು ಎನ್ನುವುದನ್ನು ಕೇಳಿಸಿಕೊಂಡಳು. "ತಗೋ," ಎಂದಳು. "ಪೂರ್ತಿ ಸುರಿ. ಈ ಮನುಷ್ಯನಿಗೆ ಯಾವತ್ತು ಪೌಡರ್ ಹಿಡಿಸಿತ್ತು."

ಅಪ್ಪನ ತಲೆಯ ಬಳಿ ಬೋಲ್ಟು ಬಿಚ್ಚುವ ಅವನ ಪಾನಾಗಳ ಪೆಟ್ಟಿಗೆ ಇಟ್ಟಿದ್ದರು. ಮಗಳು ಅದರಿಂದ ಒಂದು ಪಾನಾ ಆರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹೊರಗೆ ಅವಳು ಬಾನೆಟ್ಟಿನ ಮಗ್ಗುಲನ್ನು ಎತ್ತಿ ನಿಲ್ಲಿಸಿದಾಗ ಜನ ಹತ್ತಿರ ಬಂದರು. ಧಣಿ ಹೂಚಕ್ರ ಹಿಡಿದೇ ಬಂದ.

"ಏನಮ್ಮ ಇದು? ನಿಮ್ಮಪ್ಪ ನನ್ನ ಮನೆಯವನಿದ್ದ ಹಾಗೆ. ಅವನ ಕೊನೇ ಪ್ರಯಾಣಕ್ಕೆ ತೊಂದರೆ ಆಗಬಾರದು ಅಂತ ನಾನೇ ಜೊತೆಗೆ ಬಂದಿದ್ದೀನಿ."

"ತೊಂದರೆ ಆಗಬಾರದು ಅಂತಾನೇ ನೋಡ್ತಾ ಇದ್ದೀನಿ ಧಣಿ. ಸ್ಮಶಾನದ ದಾರಿ ಏರು. ಈ ಲಾರಿಗೂ ಏರಿಗೂ ಆಗಿಬರಲ್ಲ, ನಿಮಗೆ ಗೊತ್ತಲ್ಲ."

ಯಾರೋ ಕೆಮ್ಮಿದರು. ಮೆಟ್ಟಿಲಿನ ಮೇಲೆ ಕೂತಿದ್ದವಳು ತಲೆ ಎತ್ತಿದಳು.

ಮಗಳು ಬನಿಯನ್ ವೇಸ್ಟಿನ ಚಿಂದಿಯಿಂದ ಇಂಜಿನ್ನಿನ ಮಗ್ಗುಲನ್ನು ಒರೆಸತೊಡಗಿದಳು. ಬಿಸಿಗೆ ಬೆರಳು ಚುರುಗುಟ್ಟುತ್ತಿತ್ತು. ಮೇಲಿನಿಂದ ಕೆಳಗೆ, ಒಂದು ಮೂಲೆ ಬಿಡದೆ.

"ಚಿಕ್ಕಪ್ಪ, ನಿನ್ನ ಅಂಗಡಿ ಬಾಗಿಲ ತಗಡು ತಂದ್ಯಾ? ಫ್ಯಾನಿನ ಹಿಂದೆ ಅಡ್ಡ ಹಿಡಿ. ಗಾಳಿ ಈ ಕಡೆ ಬರಬಾರದು."

"ಗಾಳಿ ವ್ಯಾಪಾರದವನನ್ನೇ ಗಾಳಿ ತಡೆಯೋಕೆ ನಿಲ್ಲಿಸ್ತೀಯಲ್ಲೇ," ಎಂದ ಚಿಕ್ಕಪ್ಪ. ತಗಡನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಂತ.

ಅವಳು ಪೌಡರ್ ಸುರಿದಳು. ಇಂಜಿನ್ನಿನ ಮಗ್ಗುಲು ಒಳಗೆ ಮಲಗಿದ್ದವನ ಕೆನ್ನೆಯ ಹಾಗೆ ಬೆಳ್ಳಗಾಯಿತು.

"ರೇಸ್ ಕೊಡು," ಎಂದಳು ಡ್ರೈವರಿಗೆ. "ಏರಲ್ಲಿ ಕೊಡೋ ಅಷ್ಟು."

*

ಏರಲ್ಲೇ ಬೆಂಕಿ ಹೊತ್ತಿದ್ದು. ಭಾರ ತುಂಬಿದ ಲಾರಿ, ಬಿರುಬಿಸಿಲು. ಆಯಿಲ್ ಸೈಲೆನ್ಸರ್ ಪೈಪಿನ ಮೇಲೆ ಎರಚಿ ಹೊಗೆ ಎದ್ದು, ನೋಡುನೋಡುತ್ತಲೇ ಕ್ಯಾಬಿನ್ನು ಹೊತ್ತಿಕೊಂಡಿತ್ತು. ಡ್ರೈವರಿನ ಬಾಗಿಲು ಮೊದಲೇ ಕೆಟ್ಟಿತ್ತು. ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಒಂದೇ, ಬಿಗಿ ಮಾಡಿದವನು ಯಾರು?

ಧಣಿ ಯಾರ್ಡಿನಲ್ಲಿ ಡ್ರೈವರುಗಳನ್ನೆಲ್ಲ ಸೇರಿಸಿ ಮೇಸ್ತ್ರಿಯನ್ನು ನಡುವೆ ನಿಲ್ಲಿಸಿದ.

"ನಾನು ಇವನ ಕೈಯನ್ನ ನಂಬಿದ್ದೆ," ಎಂದ ಧಣಿ. "ಕೈ ಸಡಿಲ ಆಗಿದೆ. ವಯಸ್ಸೋ, ಕುಡಿತವೋ, ನನಗೆ ಗೊತ್ತಿಲ್ಲ."

ಮೇಸ್ತ್ರಿ ಕುಡಿಯುತ್ತಿರಲಿಲ್ಲ. "ಇಂಜಿನ್ ತೋರಿಸಿ," ಎಂದ. "ಸುಟ್ಟಿದ್ದರೂ ಪರವಾಗಿಲ್ಲ. ಎಲ್ಲಿಂದ ಬಂತು ಅಂತ ಇಲ್ಲೇ ತೋರಿಸ್ತೀನಿ."

ತೋರಿಸಲಿಲ್ಲ. ಲಾರಿಯ ಮೇಲೆ ಟಾರ್ಪಾಲು ಹೊದಿಸಿದರು, ಅವನಿಗೆ ಗೇಟು ಹಾಕಿದರು. ಅಲ್ಲಿಂದ ಮುಂದೆ ಊರಿನ ಬಾಯಲ್ಲಿ ಅವನು 'ಸೋರುಮೇಸ್ತ್ರಿ'. ಅವನ ಬಾಯಿಯ ಪೆಟ್ಟು ತಿಂದಿದ್ದ ಗ್ಯಾರೇಜಿನವರಿಗೆಲ್ಲ ಅದು ಹಬ್ಬವಾಯಿತು. ಅವನು ಚಹಾದ ಅಂಗಡಿಗೆ ಬಂದರೆ ಯಾರೋ ಒಬ್ಬರು ಲೋಟದ ಕೆಳಗೆ ಕೈ ಹಿಡಿದು, ಸೋರುತ್ತಿದೆಯಾ ಎಂದು ನೋಡುವ ಆಟ ಆಡುತ್ತಿದ್ದರು. ಅವನು ಅಂಗಡಿಗೆ ಹೋಗುವುದನ್ನು ಬಿಟ್ಟ. ಬೈಯುವುದನ್ನೂ ಬಿಟ್ಟ. ಮನೆಯವರಿಗೆ ಹೆಚ್ಚು ಭಯ ಹುಟ್ಟಿಸಿದ್ದು ಅದು.

ಎದೆಯ ರೋಗ ಹಾಸಿಗೆ ಹಿಡಿಸಿದ ಮೇಲೆ ಅವನು ಕಣ್ಣು ಮುಚ್ಚಿ ಮುದುಕಿಯನ್ನು ಬಿಚ್ಚತೊಡಗಿದ. ಗಾಳಿಯಲ್ಲಿ ಬೆರಳು ತಿರುಗಿಸುತ್ತ ಒಂದೊಂದೇ ಬೋಲ್ಟು. ಒಂದು ಸಂಜೆ ಮಗಳು ಗಂಜಿ ಕುಡಿಸುತ್ತಿದ್ದಾಗ ಬೆರಳು ನಿಂತುಬಿಟ್ಟಿತು.

"ಪ್ಲೇಟು," ಎಂದ.

"ಯಾವ ಪ್ಲೇಟು ಅಪ್ಪ?"

"ಧಣಿ ಪ್ಲೇಟು ಕಣೇ."

ಧಣಿಯ ಪ್ರತಿ ಲಾರಿಯ ಇಂಜಿನ್ನಿಗೂ ಅವನ ಹೆಸರು ಕೆತ್ತಿದ ಹಿತ್ತಾಳೆ ಪ್ಲೇಟು ಇರುತ್ತಿತ್ತು. ಡ್ರೈವರುಗಳು ದಾರಿಯಲ್ಲಿ ಇಂಜಿನ್ ಬದಲಾಯಿಸಿ ಮಾರಿಕೊಳ್ಳಬಾರದು ಎಂದು. ಅದನ್ನು ಕೂರಿಸುವುದು ಧಣಿಯೇ, ತನ್ನ ಕೈಯಾರೆ, ಎಲ್ಲರ ಕಣ್ಣ ಮುಂದೆ, ಮಗುವಿಗೆ ಹೆಸರಿಡುವ ಗತ್ತಿನಲ್ಲಿ. ಪ್ಲೇಟು ಬಿಚ್ಚಿದವನು ಕಳ್ಳ. ಯಾರ್ಡಿನ ಕಾನೂನು ಅದು. ಯಾವ ಮೆಕ್ಯಾನಿಕ್ಕೂ ಅದರ ಕಡೆ ಪಾನಾ ಚಾಚುತ್ತಿರಲಿಲ್ಲ. ಬೇರೆ ಲಾರಿಗಳಲ್ಲಿ ಅದು ಮೇಲೆ, ಟ್ಯಾಪೆಟ್ ಕವರಿನ ಮೇಲೆ, ಸಣ್ಣ ಸ್ಕ್ರೂಗಳಲ್ಲಿ ಇರುತ್ತಿತ್ತು.

"ಮುದುಕೀಲಿ ಮಾತ್ರ ಕೆಳಗೆ, ಇಂಜಿನ್ ಬ್ಲಾಕಿನ ಮಗ್ಗುಲಲ್ಲಿ. ಬೋಲ್ಟು ಹಾಕಿ ಬಿಗಿದಿದ್ದಾನೆ. ಇದೊಂದಕ್ಕೆ ಮಾತ್ರ ಶೆಡ್ ಬಾಗಿಲು ಹಾಕ್ಕೊಂಡು ಹೊಡೆದ. ಹೆಸರು ಬರೆಯೋಕೆ ಬೋಲ್ಟು ಯಾಕೆ ಧಣಿ ಅಂತ ಕೇಳಿದ್ದೆ. ಅಲ್ಲಿಗೆ ಕೈ ಹಾಕಬೇಡ ಅಂದ." ಮೇಸ್ತ್ರಿ ಉಸಿರಿಗಾಗಿ ನಿಂತ. "ನಾನು ಯಾರ ಮಾತೂ ಕೇಳಿದವನಲ್ಲ. ಅದೊಂದು ಮಾತು ಕೇಳಿಬಿಟ್ಟೆ. ಕಳ್ಳ ಅನ್ನಿಸ್ಕೋಬಾರದು ಅಂತ. ಆಮೇಲೆ ಆ ಡ್ರೈವರ್ ಹುಡುಗನಿಗೆ ಹೋಗು ಅಂದೆ."

ಗಂಜಿ ಆರಿತು. ಅವನು ಗೋಡೆ ಕಡೆ ತಿರುಗಿ ಮಲಗಿದ.

*

ಮೊದಲು ಏನೂ ಕಾಣಲಿಲ್ಲ. ಇಂಜಿನ್ ಅಬ್ಬರಿಸಿತು, ಬೀದಿಯ ಧೂಳು ಎದ್ದಿತು, ಚಿಕ್ಕಪ್ಪನ ತೋಳು ತಗಡಿನ ಜೊತೆ ನಡುಗುತ್ತಿತ್ತು. ಎದುರುಮನೆಯ ಹಿರಿಯರು "ಹೆಣ ಕಾಯಿಸಬಾರದು" ಎನ್ನತೊಡಗಿದ್ದರು. ಆಗ ಧಣಿಯ ಹೆಸರಿನ ಪ್ಲೇಟಿನ ಕೆಳಗಿನ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ ಮೂಡಿತು. ಇರುವೆಯಷ್ಟು. ಅದು ಉಬ್ಬಿ, ಬಾಲ ಬೆಳೆಸಿಕೊಂಡು, ಬಿಳಿಯ ಮೇಲೆ ಮೆಲ್ಲಗೆ ಇಳಿಯಿತು. ಪಕ್ಕದಲ್ಲಿ ಇನ್ನೊಂದು. ತಡೆಯುವ ಗಾಳಿ ಇರಲಿಲ್ಲ, ಹೊತ್ತೊಯ್ಯುವ ಗಾಳಿಯೂ ಇರಲಿಲ್ಲ. ಗೆರೆಗಳು ಹುಟ್ಟಿದ ಕಡೆಯಿಂದಲೇ ನೆಟ್ಟಗೆ ಹರಿದವು.

"ಅಕ್ಕ," ಎಂದಳು ಮಗಳು, ಹಿಂದೆ ತಿರುಗದೆ.

ಡ್ರೈವರಿನ ಹೆಂಡತಿ ಗಂಟನ್ನು ಎದೆಗೆ ಒತ್ತಿಕೊಂಡು ಬಂದು ಅವಳ ಪಕ್ಕ ಬಗ್ಗಿದಳು. ಬಹಳ ಹೊತ್ತು ನೋಡಿದಳು. ಮಗಳು ಸೊಂಟದಿಂದ ಪಾನಾ ತೆಗೆದಳು. "ಆರಿಸು," ಎಂದಳು ಡ್ರೈವರಿಗೆ.

ಇಂಜಿನ್ ನಿಂತ ಮೌನದಲ್ಲಿ ಧಣಿಯ ಮಾತು ಎಲ್ಲರಿಗೂ ಕೇಳಿಸಿತು.

"ಅಲ್ಲಿಗೆ ಕೈ ಹಾಕಬೇಡ."

"ಅಪ್ಪನಿಗೂ ಹೀಗೇ ಅಂದಿದ್ರಂತೆ."

"ಅದು ನನ್ನ ಪ್ಲೇಟು. ಬಿಚ್ಚಿದವರು ಕಳ್ಳರು. ಪೊಲೀಸರನ್ನ ಕರೆಸ್ತೀನಿ."

"ಕರೆಸಿ. ಅವರು ಬರೋದರೊಳಗೆ ಬಿಚ್ಚಿ ಮುಗಿಸಿರ್ತೀನಿ. ಬಂದು ನೋಡಿಕೊಳ್ಳಲಿ."

ಮೊದಲ ಬೋಲ್ಟು ಕಿರ್ರೆಂದು ಸಡಿಲಿತು. ಧಣಿ ಮುಂದೆ ನುಗ್ಗಿ ಅವಳ ತೋಳು ಹಿಡಿದ. ಹೂಚಕ್ರ ಅವನ ಕೈಯಿಂದ ಜಾರಿ ಕೆಳಗಿನ ಆಯಿಲಿನಲ್ಲಿ ಬಿತ್ತು. ಡ್ರೈವರಿನ ಹೆಂಡತಿ ಧಣಿಯ ಕೈಯನ್ನು, ಬಟ್ಟೆಗೆ ಅಂಟಿದ ಮುಳ್ಳು ತೆಗೆಯುವಂತೆ, ಒಂದೊಂದೇ ಬೆರಳಾಗಿ ಬಿಡಿಸಿದಳು. ಜನರಲ್ಲಿ ಒಬ್ಬರೂ ಅಲುಗಲಿಲ್ಲ.

ಕೊನೆಯ ಬೋಲ್ಟು ಬಂತು. ಪಾನಾದ ತುದಿಯಿಂದ ಮೀಟಿದಾಗ ಪ್ಲೇಟು ಅಂಟಿನ ಸಮೇತ ಕಿತ್ತುಬಂತು. ಹಿಂದೆ, ಬ್ಲಾಕಿನ ಎರಕದಲ್ಲಿ, ಅಂಗೈ ಉದ್ದದ ಸೀಳು. ಸೀಳಿನ ತುಂಬ ಲೋಹದ ಬಿರುಕು ಮುಚ್ಚುವ ಪುಟ್ಟಿ ಮೆತ್ತಿ, ಮೇಲೆ ಹಸಿರು ಬಣ್ಣ ಬಳಿದಿತ್ತು. ಪುಟ್ಟಿ ಪ್ಲೇಟಿನ ಜೊತೆಗೇ ಎದ್ದುಬಂದು ಬಿಸಿ ಆಯಿಲ್ ಗಳಗಳ ಸುರಿಯಿತು. ಕೆಳಗಿನ ಡಬ್ಬಿಯ ಮೇಲೆ, ಬಿಳಿ ಹೂವಿನ ಮೇಲೆ, ಬಿಳಿ ಬೂಟುಗಳ ಮೇಲೆ.

"ಇದು ನಾನು ಕೊಂಡಾಗಲೇ ಹೀಗಿತ್ತು," ಎಂದ ಧಣಿ.

ಹಾಗೆಂದ ಮೇಲೆ ಬಾಯಿ ಮುಚ್ಚಿಕೊಂಡ. ತಡವಾಗಿತ್ತು.

ಹೊಸ ಡ್ರೈವರ್ ಕ್ಯಾಬಿನ್ನಿನಿಂದ ಇಳಿದು ಬಂದು ಸೀಳನ್ನು ನೋಡಿದ. "ನಾನು ಇದರ ಮೇಲೆ ಕೂತ್ಕೊಂಡು ಊರೂರು ಸುತ್ತಿದ್ದೀನಿ," ಎಂದ ಯಾರಿಗೆಂದಿಲ್ಲದೆ. ಬೀಗದ ಕೈಯನ್ನು ಬಾನೆಟ್ಟಿನ ಮೇಲಿಟ್ಟು ಹೆಣ ಹೊರುವವರ ಕಡೆ ಹೋಗಿ ನಿಂತ.

"ಈ ಪ್ಲೇಟು ಹೊಡೆದವರು ಯಾರು?" ಎಂದಳು ಡ್ರೈವರಿನ ಹೆಂಡತಿ. ಅವಳ ದನಿ ಏರಲಿಲ್ಲ.

"ಯಾರು ಅಂತ ಕೇಳ್ತೀಯಲ್ಲಮ್ಮ," ಎಂದ ಚಿಕ್ಕಪ್ಪ, ತಗಡನ್ನು ಕೆಳಗಿಡುತ್ತ. "ಧಣಿ ಬಿಟ್ಟು ಬೇರೆಯವರು ಹೊಡೆದ ಪ್ಲೇಟು ಈ ಊರಲ್ಲಿದ್ಯಾ?"

ಲೋಟದ ಕೆಳಗೆ ಕೈ ಹಿಡಿದು ಆಟ ಆಡಿದ್ದ ಗ್ಯಾರೇಜಿನವರು ಗುಂಪಿನ ಹಿಂದಿದ್ದರು. ಮಗಳು ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು, ಅವರು ತಲೆ ತಗ್ಗಿಸುವವರೆಗೂ ಬಿಡದೆ. ಆಮೇಲೆ ಒಳಗೆ ಹೋಗಿ ಬೋಲ್ಟುಗಳನ್ನು ಅಪ್ಪನ ಅಂಗಿಯ ಜೇಬಿಗೆ ಹಾಕಿದಳು. ಇನ್ನೂ ಬಿಸಿ ಇದ್ದವು. ಪ್ಲೇಟನ್ನು ಅಮ್ಮನ ಕೈಗೆ ಕೊಟ್ಟಳು.

"ಜೋಪಾನ. ಕೋರ್ಟಿಗೆ ಬೇಕಾಗುತ್ತೆ."

"ಸಿಕ್ತೇನೆ ಅವರಿಗೆ?" ಎಂದಳು ಅಮ್ಮ, ಹಲಗೆಯ ಕಡೆ ನೋಡುತ್ತ.

"ಸಿಕ್ತಮ್ಮ."

ಹೊರಗೆ ಡ್ರೈವರಿನ ಹೆಂಡತಿ ಗಂಟು ಬಿಚ್ಚಿದ್ದಳು. ಒಂಟಿ ಚಪ್ಪಲಿ ಮುದುಡಿದ ಎಲೆಯಂತಿತ್ತು. ಅದನ್ನು ಎತ್ತಿದಾಗ, ಈಗ ಹೊಡೆಯುತ್ತಾಳೆ ಎಂದು ಜನ ಹಿಂದೆ ಸರಿದರು. ಧಣಿಯೂ ಹಾಗೇ ತಿಳಿದು ಮುಖಕ್ಕೆ ಕೈ ಅಡ್ಡ ಹಿಡಿದ. ಅವಳು ಹೊಡೆಯಲಿಲ್ಲ.

"ಹಿಡ್ಕೊಳ್ಳಿ," ಎಂದಳು. "ಒಂದು ಕೈಯಲ್ಲಲ್ಲ. ಎರಡೂ ಕೈಯಲ್ಲಿ."

"ಬೇಡಮ್ಮ. ಕಾರು ತರಿಸ್ತೀನಿ, ಕೂತು ಮಾತಾಡೋಣ."

"ಕಾರು ಬೀದಿಯೊಳಗೆ ಹೇಗೆ ಬರುತ್ತೆ ಧಣಿ? ನಿಮ್ಮ ಲಾರಿನೇ ಅಡ್ಡ ನಿಂತಿದೆಯಲ್ಲ. ಅವನ ಕೊನೇ ಪ್ರಯಾಣಕ್ಕೆ ಜೊತೆಗೆ ಬಂದಿದ್ದೀನಿ ಅಂದ್ರಲ್ಲ. ನಡೀರಿ."

ಧಣಿ ಸುತ್ತ ನೋಡಿದ. ಎದುರುಮನೆಯ ಹಿರಿಯರು ಬೇರೆ ಕಡೆ ಮುಖ ತಿರುಗಿಸಿದರು. ಅವನು ಎರಡೂ ಕೈ ಚಾಚಿ ಚಪ್ಪಲಿ ತೆಗೆದುಕೊಂಡ.

ಹಲಗೆ ಹೆಗಲೇರಿತು. ಒಂದು ಮೂಲೆಗೆ ಚಿಕ್ಕಪ್ಪ, ಒಂದು ಮೂಲೆಗೆ ಹೊಸ ಡ್ರೈವರ್, ಇನ್ನೊಂದಕ್ಕೆ ನೆರೆಯವನೊಬ್ಬ. ಮುಂದಿನ ಮೂಲೆಗೆ ಮಗಳೇ ಹೆಗಲು ಕೊಟ್ಟಳು. ಹಿಂದೆ ಧಣಿ, ಅವನ ಬೆನ್ನಿಗೇ ಡ್ರೈವರಿನ ಹೆಂಡತಿ. ಅವನು ನಿಧಾನಿಸಿದರೆ ಅವಳೂ ನಿಧಾನಿಸುತ್ತಿದ್ದಳು, ಆದರೆ ಪಕ್ಕಕ್ಕೆ ಸರಿಯಲು ಬಿಡುತ್ತಿರಲಿಲ್ಲ. ಏರು ಶುರುವಾಯಿತು. ಅವನು ಏದುಸಿರು ಬಿಡುವುದು ಮುಂದಿದ್ದವರಿಗೂ ಕೇಳುತ್ತಿತ್ತು.

ತಿರುವಿನಲ್ಲಿ ಹೆಗಲು ಬದಲಾಯಿಸಲು ನಿಂತಾಗ ಮಗಳು ಹಿಂದೆ ನೋಡಿದಳು. ಕೆಳಗೆ ಮುದುಕಿ ಬಾಯಿ ತೆರೆದು ನಿಂತಿತ್ತು. ಅದರ ಬುಡದಿಂದ ಹೊರಟ ಧಣಿಯ ಬೂಟಿನ ಕಪ್ಪು ಹೆಜ್ಜೆಗಳು ಸಿಮೆಂಟಿನ ಬಿಳಿ ಧೂಳಿನ ಮೇಲೆ, ಗ್ಯಾರೇಜುಗಳ ಮುಂದೆ, ಚಹಾದ ಅಂಗಡಿಯ ಮುಂದೆ ಹಾದು, ಒಂದೂ ತಪ್ಪದೆ ಅವಳ ಅಪ್ಪನ ಹಿಂದೆಯೇ ಬಂದಿದ್ದವು. ಮೆರವಣಿಗೆಯ ಹಿಂದಿನ ಸಾಲಿನವರು ಆ ಹೆಜ್ಜೆಗಳನ್ನು ತುಳಿಯದ ಹಾಗೆ, ರಸ್ತೆಯ ಎರಡು ಬದಿಗೆ ಸರಿದು ನಡೆಯುತ್ತಿದ್ದರು.